ರೆಕ್ಕೆಯ ಗಾಳಿ

6 ಜನವರಿ 2025, ಸೋಮವಾರ. ಬೆಳಗ್ಗೆ 7.10

ಅಮ್ಮನ ಮುಖ ತೊಳೆಸಿ ಆಯ್ತು. ಬಿ.ಪಿ. ಮಾತ್ರೆ ಪುಡಿ ಮಾಡಿ ಗಂಜಿಗೆ ಕಲಸಿ ಆಯ್ತು. ಮುನಿಯಮ್ಮ ಇನ್ನೂ ಬಂದಿಲ್ಲ. ಅಮ್ಮನನ್ನು ಎತ್ತಿ ಸ್ನಾನ ಮಾಡಿಸುವುದು ಅವಳ ಕೆಲಸ. ಅವಳಿಗೆ ಚಳಿ ಅಂದರೆ ಸರ್ಕಾರಿ ರಜೆ.

ಹಿತ್ತಲಲ್ಲಿ ಅಪ್ಪ ಕರಣೆ ಹಿಡಿದು ಪಾರಿವಾಳದ ಗೂಡು ಕೆರೆಯುತ್ತಿದ್ದಾರೆ. ಕೆರ ಕೆರ — ಕೆಮ್ಮು — ಕೆರ ಕೆರ — ಕೆಮ್ಮು. ಬಾಯಿಗೆ ಟವೆಲ್ ಸುತ್ತಿಕೊಳ್ಳಿ ಅಂದರೆ, "ಉಸ್ರು ಕಟ್ತದೆ ಕಣವ್ವಾ" ಅನ್ನುತ್ತಾರೆ. ಹಟಮಾರಿ. ನನಗೆ ಎಲ್ಲಿಂದ ಬಂತು ಅಂತ ಊರವರು ಕೇಳುವುದೇ ಬೇಡ.

ಗೂಡು ಆದ ಮೇಲೆ ಗಾಳಿ ಸೇವೆ. ಒಂದೊಂದೇ ಪಾರಿವಾಳ ಒಳಗೆ ತಂದು, ಕಾಲು ಹಿಡಿದುಕೊಂಡು, ಅಮ್ಮನ ಸ್ವಾಧೀನ ಇಲ್ಲದ ಬಲಗೈ ಮೇಲೆ, ಬಲಗಾಲ ಮೇಲೆ ರೆಕ್ಕೆ ಬಡಿಸುತ್ತಾರೆ. ಲಕ್ವ ಹೊಡೆದವರಿಗೆ ಪಾರಿವಾಳದ ರೆಕ್ಕೆಯ ಗಾಳಿ ಬಿದ್ದರೆ ಕೈಕಾಲು ಬರುತ್ತದಂತೆ. ಹೇಳಿದ್ದು ಮುನಿಯಮ್ಮ. ಕೇಳಿಕೊಂಡು ಸಿರಾ ಬಸ್ ಹತ್ತಿ, ರಟ್ಟಿನ ಡಬ್ಬಕ್ಕೆ ತೂತು ಹೊಡೆದು ಎರಡು ಜೊತೆ ಮರಿ ತಂದವಳು ನಾನು. ದೇವರನ್ನೇ ಅರ್ಧ ನಂಬುವ ನಾನು! ಎರಡು ವರ್ಷದ ಹಿಂದೆ, ಫಿಸಿಯೋಥೆರಪಿಯವನು "ಇನ್ನು ಇಷ್ಟೇ ಮೇಡಂ" ಅಂದ ವಾರ ಅದು. ಮನೆಯಲ್ಲಿ ಕತ್ತೆ ಕಟ್ಟು ಅಂದಿದ್ದರೂ ಕಟ್ಟುತ್ತಿದ್ದೆ.

ಕೈ ಬರಲಿಲ್ಲ. ಕಾಲು ಬರಲಿಲ್ಲ. ಒಂದು ಮಾತು ಬಂತು. ಏಳು ತಿಂಗಳು ಬಾಯಿ ಬಿಡದಿದ್ದ ಅಮ್ಮ, ಅಪ್ಪ ಹಿತ್ತಲಲ್ಲಿ ಜೋಳ ಚೆಲ್ಲಿ "ಬಾ ಬಾ ಬಾ" ಅಂತ ಕರೆಯುತ್ತಿದ್ದಾಗ ಮಂಚದಿಂದಲೇ "ಬಾ" ಅಂದಳು. ಅಪ್ಪ ಮೊರ ಬಿಸಾಕಿ ಓಡಿಬಂದರು. ಅವತ್ತಿನಿಂದ ಇವತ್ತಿನವರೆಗೆ ಅಮ್ಮನಿಗಿರುವುದು ಅದೊಂದೇ ಮಾತು. ನಾಲ್ಕು ಹಕ್ಕಿ ಹದಿನಾಲ್ಕಾಗಿವೆ.

ಮುನಿಯಮ್ಮ ಬಂದಳು. ಹೊರಡಬೇಕು. ಸಬ್ ರಿಜಿಸ್ಟ್ರಾರ್ ಆಫೀಸ್ ಮುಂದೆ ಎಂಟೂವರೆಗೆ ಟೇಬಲ್ ಹಾಕದಿದ್ದರೆ ಪಕ್ಕದ ಟೇಬಲ್ಲಿನ ಪತ್ರ ಬರೆಯುವ ಅಂಬರೀಶ ನನ್ನ ನೆರಳಿಗೆ ಕಾಲು ಚಾಚುತ್ತಾನೆ. ಹದಿನೇಳು ವರ್ಷದಿಂದ ಪತ್ರ ಬರೆಯುತ್ತಿದ್ದೇನೆ, ಇನ್ನೂ ನೆರಳಿಗೆ ಜಗಳ.

19 ಜನವರಿ, ಭಾನುವಾರ

ಕೊರಟಗೆರೆಯಲ್ಲಿ ದೊಡ್ಡಪ್ಪನ ಮಗನ ಗೃಹಪ್ರವೇಶ. ಅಪ್ಪ ಮಹಡಿ ಹತ್ತಲಾಗದೆ ಹನ್ನೊಂದನೇ ಮೆಟ್ಟಿಲಲ್ಲಿ ಕೂತರು. ತುಟಿ ನೀಲಿ. ಸುತ್ತ ನಿಂತವರೆಲ್ಲ "ವಯಸ್ಸಾಯ್ತಲ್ಲ" ಅಂದರು. ಎಪ್ಪತ್ತೊಂದು ಒಂದು ವಯಸ್ಸೇ? ಮೂರು ವರ್ಷದ ಹಿಂದೆ ನಮ್ಮ ಮಧುಗಿರಿ ಬೆಟ್ಟವನ್ನು ಅರ್ಧ ಹತ್ತಿ ಇಳಿದು ಬಂದು ಮೂರು ಮುದ್ದೆ ಉಂಡ ಮನುಷ್ಯ.

ಬಸ್ಸಿನಲ್ಲಿ ಕೇಳಿದೆ, ಎಷ್ಟು ದಿನದಿಂದ ಹೀಗೆ?

"ದೀಪಾವಳಿಯಿಂದ."

"ಹೇಳೋದಲ್ವಾ?"

"ಹೇಳಿದ್ರೆ ನೀನು ಆಸ್ಪತ್ರೆ ಅಂತೀಯ. ನಾನು ಆಸ್ಪತ್ರೇಲಿ ಬಿದ್ಕಂಡ್ರೆ ಅವ್ಳಿಗೆ ಗಾಳಿ ಹಾಕೋರ್ಯಾರು?"

ಮನೆಗೆ ಬಂದು ತುಮಕೂರಿನ ಆಸ್ಪತ್ರೆಗೆ ಫೋನ್ ಮಾಡಿದೆ.

3 ಫೆಬ್ರವರಿ, ಸೋಮವಾರ. ಸಂಜೆ

ತುಮಕೂರು. ಸ್ಕ್ಯಾನ್ ಆಯ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಫಿಲ್ಮ್ ಬೆಳಕಿಗೆ ಹಿಡಿದು ಕೇಳಿದ ಮೊದಲ ಪ್ರಶ್ನೆ — "ಮನೇಲಿ ಪಾರಿವಾಳ ಇದೆಯಾ?"

"ಹದಿನಾಲ್ಕು" ಅಂದೆ.

ಪಾರಿವಾಳದ ಪಿಕ್ಕೆ, ಪುಕ್ಕದ ಧೂಳು. ಉಸಿರಿನ ಜೊತೆ ಒಳಗೆ ಹೋಗಿ ಹೋಗಿ ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗಿದೆ. ಆಗಿರುವುದು ಹಿಂದಕ್ಕೆ ಬರುವುದಿಲ್ಲ. ಉಳಿದಿರುವುದನ್ನು ಉಳಿಸಬಹುದು. ಸ್ಟೀರಾಯ್ಡ್ ಮಾತ್ರೆ. ಆದರೆ ಮೊದಲು ಹಕ್ಕಿ ಹೋಗಬೇಕು. ಹಿತ್ತಲಿಗಲ್ಲ, ಮನೆಯಿಂದಲೇ. "ಇಲ್ಲಾಂದ್ರೆ ಒಂದು ವರ್ಷ. ಹೆಚ್ಚೆಂದರೆ ಒಂದೂವರೆ" ಅಂದರು ಇಂಗ್ಲಿಷಿನಲ್ಲಿ, ಅಪ್ಪನಿಗೆ ತಿಳಿಯದಿರಲಿ ಅಂತ. ಅಪ್ಪನಿಗೆ ಒನ್ ಇಯರ್ ಅಂದರೆ ತಿಳಿಯದೆ?

ನಾನು ತಂದದ್ದು. ಮೂಲ ದಸ್ತಾವೇಜು ನನ್ನ ಹೆಸರಲ್ಲೇ ಇದೆ. ಅಮ್ಮನಿಗೆ ಗಾಳಿ ತಂದೆ, ಅಪ್ಪನ ಉಸಿರು ಕಿತ್ತೆ.

4 ಫೆಬ್ರವರಿ

ಜಗಳ. ಇಬ್ಬರೂ ಉಣ್ಣಲಿಲ್ಲ.

"ಅವ್ಳಿಗಿರೋದು ಒಂದು ಮಾತು ಲೋಹಿ. ಅದ್ನೂ ಕಿತ್ಕಂತೀಯಾ?"

"ನಿಮ್ಮ ಉಸಿರು ಹೋದ್ರೆ?"

"ಹೋಗ್ಲಿ ಬುಡವ್ವಾ. ಎಪ್ಪತ್ತೊಂದು ವರ್ಸ ಎಳ್ದಿದ್ದೀನಿ. ಸಾಕಾಗೋವಷ್ಟು ಗಾಳಿ ಕುಡ್ದಿಲ್ವಾ?"

"ನಿಮ್ಮಿಬ್ಬರನ್ನೂ ಹೊತ್ತುಕೊಂಡಿರೋಳು ನಾನು. ನನ್ನ ಕೇಳಿ ಸಾಯಿರಿ!"

ಬಾಯಿಗೆ ಬಂದದ್ದು ಬಂದುಹೋಯಿತು. ಅಪ್ಪ ನಕ್ಕರು. ನಗು ಕೆಮ್ಮಾಯಿತು. ಅಮ್ಮ ಮಂಚದಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಮಾತು ಹೋಗಿದೆ, ಕಿವಿ ಹೋಗಿಲ್ಲ. ಅದನ್ನು ನಾವಿಬ್ಬರೂ ಮರೆಯುತ್ತೇವೆ.

9 ಫೆಬ್ರವರಿ, ಭಾನುವಾರ

ಪ್ರಭು ಪಾವಗಡದಿಂದ ಬಂದಿದ್ದ. ತಮ್ಮ, ಹೈಸ್ಕೂಲ್ ಮೇಷ್ಟ್ರು, ಎಲ್ಲದಕ್ಕೂ ಉತ್ತರ ಗೊತ್ತು. "ನಮ್ಮ ಸ್ಕೂಲ್ ಪಕ್ಕ ಒಬ್ಬರು ಸಾಕ್ತಾರೆ ಅಕ್ಕ, ಕೊಟ್ಟರಾಯ್ತು." ಹದಿನಾಲ್ಕನ್ನೂ ಬುಟ್ಟಿಗೆ ತುಂಬಿ ಕಾರಿನಲ್ಲಿಟ್ಟುಕೊಂಡು ಹೋದ. ಅಪ್ಪ ಹೊರಗೇ ಬರಲಿಲ್ಲ.

11 ಫೆಬ್ರವರಿ, ಮಂಗಳವಾರ

ಬೆಳಗ್ಗೆ ಹಿತ್ತಲಲ್ಲಿ ಹನ್ನೊಂದು ಹಕ್ಕಿ! ಪಾವಗಡದಿಂದ ಇಷ್ಟು ದೂರ, ಬಸ್ಸೂ ಇಲ್ಲದೆ ಬಂದಿವೆ. ಮಧ್ಯಾಹ್ನಕ್ಕೆ ಇನ್ನೆರಡು. ಒಂದು ಎಲ್ಲಿ ಹೋಯಿತೋ.

ಅಪ್ಪನ ಸಂಭ್ರಮ ನೋಡಬೇಕಿತ್ತು. "ಪಾವಗಡದಲ್ಲಿ ತೆಲುಗು ಮಾತಾಡ್ತಾರೆ ಅಂತ ವಾಪಸ್ ಬಂದ್ಬುಟ್ಟವೆ ಕಣ್ಲಾ" ಅಂತ ಪ್ರಭುಗೆ ಫೋನಿನಲ್ಲಿ ಹೇಳಿ ಹೇಳಿ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಮ್ಮ "ಬಾ, ಬಾ" ಅಂತ ಒಂದೇ ಸಮ. ಎಷ್ಟು ದಿನ ಆಗಿತ್ತು ಮೂವರೂ ಹೀಗೆ ಒಟ್ಟಿಗೆ ನಕ್ಕು.

ಸಿರಾದ ಇನಾಯತ್ ಸಾಬರಿಗೆ ಫೋನ್ ಮಾಡಿದೆ, ಮೊದಲ ಮರಿಗಳನ್ನು ಕೊಟ್ಟವರು. "ಹುಟ್ಟಿದ ಗೂಡು ಬಿಡಲ್ಲ ಮೇಡಂ ಅವು. ಆರು ತಿಂಗಳು ಬಂದ್ ಮಾಡಿ ಇಡಬೇಕು. ಫಿಕರ್ ಮಾಡ್ಬೇಡಿ, ನಾನು ತಗೊಂಡ್ಹೋಗ್ತೀನಿ." ಭಾನುವಾರ ಬರುತ್ತಾರಂತೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

13 ಫೆಬ್ರವರಿ, ಗುರುವಾರ. ತುಮಕೂರು, ಆಸ್ಪತ್ರೆ ಕಾರಿಡಾರ್

ಬರೆಯದಿದ್ದರೆ ತಲೆ ಒಡೆಯುತ್ತದೆ.

ಬೆಳಗ್ಗೆ ಆಫೀಸಿಗೆ ಸೀರೆ ಉಡುತ್ತಿದ್ದೆ. ಅಮ್ಮ "ಬಾ ಬಾ ಬಾ" ಅಂತ ಕೂಗುತ್ತಿದ್ದಳು. ದಿನಾ ಕೂಗುತ್ತಾಳೆ. "ಇರಮ್ಮಾ, ಅಪ್ಪ ಜೋಳ ಹಾಕ್ತಾರೆ" ಅಂದೆ. ಮತ್ತೆ ಕೂಗಿದಳು. ಜೋರಾಗಿ. ನೆರಿಗೆ ಸರಿ ಮಾಡಿಕೊಂಡೆ. ಪಿನ್ ಹುಡುಕಿದೆ. ಮತ್ತೆ ಕೂಗಿದಳು — "ಏನಮ್ಮಾ ನಿಂದು ಕಾಟ!" ಅಂತ ಬೈದುಕೊಂಡೇ ಹೊರಬಂದೆ. ಅಮ್ಮ ಮಂಚದ ಅಂಚಿಗೆ ಜಾರಿದ್ದಳು, ಎಡಗೈ ಹಿತ್ತಲ ಬಾಗಿಲ ಕಡೆ.

ಅಪ್ಪ ಗೂಡಿನ ಕೆಳಗೆ ಬಿದ್ದಿದ್ದರು. ಹಕ್ಕಿಗಳು ಸುತ್ತ ಜೋಳ ಹೆಕ್ಕುತ್ತಿದ್ದವು.

ಹತ್ತು ನಿಮಿಷವಾದರೂ ಕೂಗಿರಬೇಕು ಅವಳು. ಹತ್ತು ನಿಮಿಷ.

ಆಕ್ಸಿಜನ್ ಹಾಕಿದ್ದಾರೆ. ಬದುಕುತ್ತಾರಂತೆ. ಮಾಸ್ಕ್ ಒಳಗಿಂದ ಅಪ್ಪ ಹೇಳಿದ್ದು ಒಂದೇ ಮಾತು — "ಕೊಟ್ಬುಡವ್ವ."

16 ಫೆಬ್ರವರಿ, ಭಾನುವಾರ

ಇನಾಯತ್ ಸಾಬರು ಬಂದು ಹದಿಮೂರನ್ನೂ ಒಯ್ದರು. ಅಮ್ಮನಿಗೆ ಸಲಾಂ ಹೇಳಿ ಹೋದರು. ಗೂಡಿನ ಹಲಗೆ ಕಿತ್ತು ಸುಡಿಸಿದೆ. ಅಪ್ಪನ ಹತ್ತಿರ ಪ್ರಭು ಇದ್ದಾನೆ. ನಾನು ದಿನ ಬಿಟ್ಟು ದಿನ ಹೋಗಿಬರುತ್ತಿದ್ದೇನೆ.

26 ಫೆಬ್ರವರಿ, ಶಿವರಾತ್ರಿ

ಇಡೀ ಊರಿಗೆ ಇವತ್ತು ಉಪವಾಸ. ನಮ್ಮಮ್ಮನಿಗೆ ಇವತ್ತು ಹನ್ನೊಂದನೇ ದಿನ.

ಗಂಜಿ ಬಾಯಿಗಿಟ್ಟರೆ ತುಟಿ ಬಿಗಿ. ಸ್ಪೂನ್ ಒಳಗೆ ಹಾಕಿದರೆ ಪಕ್ಕದಿಂದ ಹರಿದುಬರುತ್ತದೆ. ಎಳನೀರು ಎರಡು ಗುಟುಕು, ಅಷ್ಟೇ. ಮಾತಿಲ್ಲ. ಆ ಒಂದು ಮಾತೂ ಇಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಇಲ್ಲಿನ ಡಾಕ್ಟರು ಮೂಗಿಗೆ ಪೈಪ್ ಹಾಕೋಣವಾ ಅಂತ ಕೇಳಿದರು. ಆಮೇಲೆ ಹೇಳ್ತೀನಿ ಅಂದೆ.

ಅಪ್ಪ ಹೇಳಿದ್ದು ನಿಜವಾಯಿತು. ಹಕ್ಕಿ ಹೋದವು, ಮಾತು ಹೋಯಿತು. ಒಬ್ಬರನ್ನು ಉಳಿಸಲು ಇನ್ನೊಬ್ಬರನ್ನು ಕೊಡುತ್ತಿದ್ದೇನೆ. ಯಾರ ಸಹಿ ಪಡೆದು?

5 ಮಾರ್ಚ್, ಬುಧವಾರ

ಅಪ್ಪನಿಗೆ ಡಿಸ್ಚಾರ್ಜ್. ಡಾಕ್ಟರು ಖಡಾಖಂಡಿತವಾಗಿ ಹೇಳಿದರು — ಹಕ್ಕಿ ಹೋದರೂ ಧೂಳು ತಿಂಗಳುಗಟ್ಟಲೆ ಇರುತ್ತದೆ, ಮನೆ ತೊಳೆದು ಸುಣ್ಣ ಹೊಡೆಸುವವರೆಗೆ ಅಲ್ಲಿಗೆ ಕರಕೊಂಡು ಹೋಗಬೇಡಿ. ಹಾಗಾಗಿ ಆಸ್ಪತ್ರೆಯಿಂದ ನೆಟ್ಟಗೆ ಪಾವಗಡ.

ಅಮ್ಮನನ್ನೂ ಅಲ್ಲಿಗೇ ಕರಕೊಂಡು ಹೋಗೋಣ ಅಂದ ಪ್ರಭು. ಅವನ ಬಾಡಿಗೆ ಮನೆ ಮೂರನೇ ಮಹಡಿ. ಲಿಫ್ಟ್ ಇಲ್ಲ. "ಎತ್ತಿ ಹತ್ತಿಸೋಕೆ ನಾಲ್ಕು ಜನ ಬೇಕು, ಎಲ್ಲಿಂದ ತರ್ತೀಯಾ? ಸುಮ್ನಿರು" ಅಂದೆ.

ಕಾರು ಹತ್ತುವಾಗ ಅಪ್ಪ: "ಅವ್ಳಿಗೆ ಹೇಳ್ದಂಗೇ ಹೊರಟ್ನಲ್ಲವ್ವಾ."

"ನಾನು ಹೇಳ್ತೀನಿ ಬಿಡಿ."

ಹೇಳಿದೆ. ಅಮ್ಮ ಗೋಡೆ ಕಡೆಯೇ ಇದ್ದಳು.

7 ಮಾರ್ಚ್, ಶುಕ್ರವಾರ. ಆಫೀಸ್ ಮುಂದೆ, ಮಧ್ಯಾಹ್ನ

ದಾನಪತ್ರ ಬರೆಯುತ್ತಾ ಕೂತಿದ್ದಾಗ ಹೊಳೆಯಿತು. ಅಪ್ಪ ಹೇಗೂ ಪಾವಗಡದಲ್ಲಿದ್ದಾರೆ. ಹಕ್ಕಿ ಮಧುಗಿರಿಗೆ ಬಂದರೆ ಅಪ್ಪನಿಗೇನು? ಅಪ್ಪನಿಗೆ ಗಾಳಿ ಅಲ್ಲಿ, ಅಮ್ಮನಿಗೆ ಹಕ್ಕಿ ಇಲ್ಲಿ. ನಾಲ್ಕು ದಿಕ್ಕಿನ ಚೆಕ್ಕುಬಂದಿ ಸರಿಯಾಗಿ ಬರೆದರೆ ಎರಡು ಪಾಲಿಗೂ ತಕರಾರಿಲ್ಲ!

ಇನಾಯತ್ ಸಾಬರಿಗೆ ಫೋನ್ ಮಾಡಿದೆ. ಎರಡು ಜೊತೆ ಸಾಕು. ಇಷ್ಟು ದಿನ ಬುದ್ಧಿ ಎಲ್ಲಿ ಹೋಗಿತ್ತು ನನಗೆ?

9 ಮಾರ್ಚ್, ಭಾನುವಾರ

ಅಮ್ಮ ತಿಂದಳು! ತಿಂದಳು!

ಸಾಬರು ಬುಟ್ಟಿ ಇಳಿಸಿದರು. ಹಿತ್ತಲಲ್ಲಿ ರೆಕ್ಕೆ ಪಟಪಟ ಅಂದದ್ದೇ ತಡ, ಗೋಡೆ ಕಡೆ ಇದ್ದ ಮುಖ ಈ ಕಡೆ ತಿರುಗಿತು. ಕಣ್ಣು ಅಷ್ಟಗಲ. "ಬಾ" ಅಂದಳು. ಇಪ್ಪತ್ತೊಂದು ದಿನದ ಮೇಲೆ. ನಾಲ್ಕು ಸ್ಪೂನ್ ಗಂಜಿ. ಆಮೇಲೆ ಇನ್ನೂ ಮೂರು. ನಾನೂ ಮುನಿಯಮ್ಮನೂ ಅತ್ತೆವು. ಪಾಪ ಇನಾಯತ್ ಸಾಬರು ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ಪಾವಗಡಕ್ಕೆ ಫೋನ್. ಹಕ್ಕಿ ತರಿಸಿದ್ದೂ ಹೇಳಿದೆ, ಏಳು ಸ್ಪೂನೂ ಹೇಳಿದೆ. ಎಷ್ಟು ಸ್ಪೂನು ಅಂತ ಅಪ್ಪ ಇನ್ನೊಂದು ಸಲ ಹೇಳಿಸಿಕೊಂಡರು. ಆಮೇಲೆ, "ಒಳ್ಳೇದಾಯ್ತು ಕಣವ್ವ. ನಾನು ಇಲ್ದಿದ್ರೂ ನಡೀತದೆ ಅಂತಾಯ್ತು."

13 ಮಾರ್ಚ್

ಈಗ ಗಾಳಿ ಹಾಕುವವಳು ನಾನು. ಮಾಸ್ಕ್ ಹಾಕಿಕೊಂಡು. ಹಕ್ಕಿಗೆ ನನ್ನ ಕೈ ಅಂದರೆ ಆಗದು, ಗೀರುತ್ತವೆ. ಅಮ್ಮ ದಿನಕ್ಕೆ ಹತ್ತು ಸ್ಪೂನ್. ಬೆಳಗ್ಗಿನಿಂದ ಸಂಜೆವರೆಗೆ ಬಾ, ಬಾ. ಅಂಬರೀಶನ ಹತ್ತಿರ ಕೂಡ ಹೇಳಿಕೊಂಡೆ. ಎಷ್ಟು ಖುಷಿಯಾಗಿರಬೇಕು ನೋಡು ನನಗೆ.

19 ಮಾರ್ಚ್, ಬುಧವಾರ

ಮುನಿಯಮ್ಮನ ಜೊತೆ ಜಗಳ.

ಅಮ್ಮನಿಗೆ ಸೀರೆ ಸುತ್ತುತ್ತಾ ಹೇಳಿದಳು, "ಲೋಹಿತವ್ವಾ, ಒಂದ್ಮಾತು ಹೇಳ್ತೀನಿ, ಬೈಬ್ಯಾಡ. ಅಮ್ಮಾರು ಪಾರ್ವಾಳ ಕರೀತಿಲ್ಲ. ಯಜಮಾನ್ರನ್ನ ಕರೀತಾವ್ರೆ."

"ನಿನಗೇನು ಗೊತ್ತು?"

"ನೀನೇ ನೋಡವ್ವಾ. ಪಾರ್ವಾಳ ಕೈ ಮ್ಯಾಲೇ ಕುಂತ್ರೂ ಕಣ್ಣು ಬಾಗ್ಲಾಗೇ ಐತೆ. ರೆಕ್ಕೆ ಸದ್ದಾದ್ರೆ ಯಜಮಾನ್ರು ಬಂದ್ರು ಅಂತ ಲೆಕ್ಕ. ಮೊದ್ಲಿಂದ್ಲೂ ಅಂಗೇ ಅಲ್ವಾ? ರೆಕ್ಕೆ ಬಂದ್ರೆ ಹಿಂದೇನೇ ಅವ್ರು ಬರ್ತಿದ್ರು."

"ಗಾಳಿ ಹಾಕು ಅಂದೋಳೂ ನೀನೇ, ಈಗ ಇದನ್ನ ಹೇಳೋಳೂ ನೀನೇ! ಹೋಗು ಮನೆಗೆ" ಅಂದೆ.

ಹೋದಳು. ಒದ್ದೆ ಬಟ್ಟೆ ಹಿಂಡಿ ಹಾಕಿಯೇ ಹೋದಳು.

20 ಮಾರ್ಚ್, ಗುರುವಾರ

ಆಫೀಸಿಗೆ ಹೋಗಲಿಲ್ಲ. ಮಂಚದ ಪಕ್ಕ ಸ್ಟೂಲ್ ಹಾಕಿ ಕೂತು ನೋಡಿದೆ.

ಹಕ್ಕಿಯೊಂದು ಅಮ್ಮನ ಎದೆ ಮೇಲೇ ಬಂದು ಕೂತಿತು. ಅಮ್ಮ ತಲೆ ವಾರೆ ಮಾಡಿ ಅದರಾಚೆಗೆ ಇಣುಕಿದಳು, ಬಸ್ಸಿನಲ್ಲಿ ಮುಂದೆ ನಿಂತವರು ಅಡ್ಡವಾದರೆ ನಾವು ಇಣುಕುತ್ತೇವಲ್ಲ, ಹಾಗೆ. ಹಿತ್ತಲ ಬಾಗಿಲ ಕಡೆ. "ಬಾ."

ಮುನಿಯಮ್ಮ ಹೇಳಿದ್ದು ನಿಜ.

ಅಪ್ಪ ಬಿದ್ದ ದಿನವೇ ತಿಳಿಯಬೇಕಿತ್ತಲ್ಲ ನನಗೆ! ಅವತ್ತೂ ಹಕ್ಕಿಗೆ ಕೂಗುತ್ತಾಳೆ ಅಂತಲೇ ಪಿನ್ ಹುಡುಕಿದೆ. ಎರಡನೇ ಸಲವೂ ಅದೇ ತಪ್ಪು. ಮಾತು ಹೋದ ಹೆಂಗಸು, ನಲವತ್ತಾರು ವರ್ಷ ಜೊತೆಗಿದ್ದ ಗಂಡನನ್ನು ಕರೆದರೆ, ಪಾರಿವಾಳ ಕರೆಯುತ್ತಾಳೆ ಅಂತ ಬರೆದುಕೊಂಡೆ. ಹಕ್ಕಿ ತಂದುಕೊಟ್ಟೆ. ಹಕ್ಕಿ ಇರುವ ತನಕ ಅಪ್ಪ ಈ ಹೊಸಿಲು ತುಳಿಯುವ ಹಾಗಿಲ್ಲ. ಅವಳಿಗೆ ಬೇಕಾದ್ದನ್ನು ಹೊರಗಿಡಲು ನಾನೇ ಬೇಲಿ ಹಾಕಿದೆ.

ಮುನಿಯಮ್ಮನ ಮನೆಗೆ ಹೋಗಿ ಕರೆದುಕೊಂಡು ಬಂದೆ. ಬಂದವಳೇ ಅಮ್ಮನ ಸ್ನಾನಕ್ಕೆ ನೀರು ಕಾಯಿಸಿದಳು.

22 ಮಾರ್ಚ್

ಪ್ರಭು ಫೋನ್. ಅಪ್ಪನ ಆಕ್ಸಿಜನ್ 94! ಬಿದ್ದ ದಿನ 78 ಇತ್ತು. ಮೂರನೇ ಮಹಡಿಯಿಂದ ಇಳಿದು ಹಾಲು ತರುತ್ತಿದ್ದಾರಂತೆ. "ಈಗ ಕರಕೊಂಡು ಬಂದು ಕೆಡಿಸಬೇಡ ಅಕ್ಕ. ಏಪ್ರಿಲ್ ಏಳಕ್ಕೆ ಡಾಕ್ಟರ್ ನೋಡ್ತಾರೆ. ಅಷ್ಟರಲ್ಲಿ ಹಕ್ಕಿ ಕಳಿಸು, ಸುಣ್ಣ ಹೊಡೆಸು. ಹದಿನೈದಕ್ಕೆ ನಾನೇ ಬಿಡ್ತೀನಿ."

ಸರಿಯಾದ ಮಾತು. ಇಪ್ಪತ್ತನಾಲ್ಕು ದಿನ. ಆದರೆ ಹಕ್ಕಿಯನ್ನು ಈಗಲೇ ಕಳಿಸಿದರೆ? ಆ ರೆಕ್ಕೆ ಸದ್ದೂ ನಿಂತರೆ ಅಮ್ಮ ತುಟಿ ಬಿಗಿಯುತ್ತಾಳೆ. ಹಕ್ಕಿ ಇರಲಿ, ಕೊನೇ ವಾರ ಕಳಿಸಿದರಾಯಿತು. ಅಲ್ಲಿಯತನಕ ಅಮ್ಮ ಕರೆಯುತ್ತಿರಲಿ, ಉಣ್ಣುತ್ತಿರಲಿ.

ಸಂಜೆ ಅಪ್ಪ ಕೇಳಿದರು. "ನನ್ನ ಕೇಳ್ತಾಳೇನವ್ವಾ?"

"ಇಲ್ಲಪ್ಪ. ಹಕ್ಕಿ ಜೊತೆ ಆರಾಮಾಗಿದ್ದಾಳೆ."

"ಹೌದಾ."

ನಿಜ ಹೇಳಿದ್ದರೆ ಆ ಕ್ಷಣವೇ ಬಸ್ ಹತ್ತುತ್ತಿದ್ದರು. ಬಂದು ಆ ಧೂಳಿನಲ್ಲೇ ಅಮ್ಮನ ಪಕ್ಕ ಕೂರುತ್ತಿದ್ದರು. ಪ್ರಭು ವೀಡಿಯೋ ಕಾಲ್ ಮಾಡಿದರೆ ಅಮ್ಮ ನಿದ್ದೆ ಹೋದ ಮೇಲಷ್ಟೇ ತೋರಿಸುತ್ತೇನೆ. ಎಚ್ಚರ ಇದ್ದರೆ ಬಾ ಅಂದುಬಿಡುತ್ತಾಳೆ.

30 ಮಾರ್ಚ್, ಯುಗಾದಿ

ಅಪ್ಪ ಹಬ್ಬಕ್ಕೆ ಬರುತ್ತೇನೆ ಅಂದರು. "ಬೇಡ." "ಒಂದೇ ದಿನ ಕಣವ್ವಾ. ಬಾಗ್ಲಲ್ಲೇ ನಿಂತು ನೋಡಿ ಹೋಗ್ತೀನಿ." "ಬೇಡ ಅಂದೆನಲ್ಲಪ್ಪಾ!" ಹಬ್ಬದ ದಿನ ಹೆತ್ತ ತಂದೆಗೆ ಗದರಿದೆ.

ಅಮ್ಮನ ತುಟಿಗೆ ಬೇವುಬೆಲ್ಲ ಸವರಿದೆ. ನಾಲಿಗೆ ಚಾಚಲಿಲ್ಲ. ಧ್ವನಿ ಕುಗ್ಗಿದೆ, ಕರೆಯುವುದು ನಿಂತಿಲ್ಲ. ಹದಿನಾರು ದಿನ ಅಷ್ಟೇ ಅಮ್ಮ, ತಡಕೋ ಅಂತ ಕಿವಿಯಲ್ಲಿ ಹೇಳಿದೆ.

2 ಏಪ್ರಿಲ್

ಅಮ್ಮನಿಗೆ ಜ್ವರ. ಎದೆಯಲ್ಲಿ ಕಫ. ಗಂಜಿ ಶ್ವಾಸನಾಳಕ್ಕೆ ಹೋಗಿರಬಹುದಂತೆ. ಇಂಜೆಕ್ಷನ್ ಕೊಟ್ಟರು.

4 ಏಪ್ರಿಲ್, ಶುಕ್ರವಾರ. ಬೆಳಗ್ಗೆ 8.40

ಡಾಕ್ಟರು ಬಂದು ಹೋದರು. "ಕರೆಸೋರಿದ್ರೆ ಕರೆಸಿ."

ಪ್ರಭುಗೆ ಹೇಳಿದೆ. ಹೊರಡುತ್ತಿದ್ದಾರೆ. ಹನ್ನೊಂದರೊಳಗೆ ಬರುತ್ತಾರೆ. ಮುನಿಯಮ್ಮ ನಾಲ್ಕೂ ಹಕ್ಕಿ ಬುಟ್ಟಿಗೆ ಹಾಕಿ ಹಳೇ ಸೀರೆ ಮುಚ್ಚಿ ತನ್ನ ಮನೆಗೆ ಒಯ್ದಳು. ಹಿತ್ತಲೆಲ್ಲ ಪಿಕ್ಕೆ, ಪುಕ್ಕ. ಅಪ್ಪ ಈ ದಾರಿಯಲ್ಲೇ ಉಸಿರಾಡಬೇಕು. ತೊಳೆಯಬೇಕು. ಎರಡು ಗಂಟೆ ಇದೆ.

5 ಏಪ್ರಿಲ್, ಶನಿವಾರ

ತೊಳೆಯುತ್ತಿದ್ದೆ. ಬ್ಲೀಚಿಂಗ್ ಪುಡಿ ಹಾಕಿ ಪೊರಕೆ ಹಿಡಿದು ಉಜ್ಜುತ್ತಿದ್ದೆ. ಒಳಗಿಂದ ಅಮ್ಮ ಕರೆದಳು. ಸಣ್ಣ ಧ್ವನಿ. "ಅಪ್ಪ ದಾರೀಲಿದ್ದಾರೆ ಅಮ್ಮಾ, ಬಂದ್ರು, ಬಂದ್ರು" ಅಂತ ಹಿತ್ತಲಿಂದಲೇ ಕೂಗಿದೆ. ಇನ್ನೊಂದು ಸಲ ಕರೆದಳು. ಆಮೇಲೆ ಸುಮ್ಮನಾದಳು. ಕೇಳಿಸಿತಲ್ಲ, ಸಮಾಧಾನ ಆಯಿತು ಅಂದುಕೊಂಡೆ. ಮೂರು ಬಕೆಟ್ ನೀರು ಸುರಿದೆ. ಮೂಲೆ ಉಜ್ಜಿದೆ. ಗೋಡೆ ಉಜ್ಜಿದೆ.

ಕೈ ತೊಳೆದು ಒಳಗೆ ಹೋದರೆ ಅಮ್ಮ ಇರಲಿಲ್ಲ.

ಹತ್ತೇ ಹೆಜ್ಜೆ. ಮಂಚಕ್ಕೂ ಹಿತ್ತಲಿಗೂ ಹತ್ತೇ ಹೆಜ್ಜೆ. ಪೊರಕೆ ಬಿಸಾಕಿ ಬಂದು ಕೈ ಹಿಡಿದುಕೊಂಡಿದ್ದರೆ ಏನಾಗುತ್ತಿತ್ತು?

ಅಪ್ಪ ಬರುವಾಗ ಹನ್ನೊಂದು ಹತ್ತು. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಲಿಲ್ಲ. ಚೆನ್ನಾಗಿದ್ದಾರೆ. ಅಮ್ಮನನ್ನು ಕೂರಿಸಿ ವಿಭೂತಿ ಹಚ್ಚಿದ್ದೆವು. ಎದುರು ಕೂತು ಅವಳ ಬಲಗೈ ತಮ್ಮ ತೊಡೆ ಮೇಲಿಟ್ಟುಕೊಂಡರು. ಮಣ್ಣಿಗೆ ಒಯ್ಯುವವರೆಗೆ ಬಿಡಲಿಲ್ಲ.

ಅಮ್ಮನನ್ನು ಎತ್ತಲು ನಾಲ್ಕು ಜನ ಎಲ್ಲಿಂದ ತರ್ತೀಯಾ ಅಂತ ಪ್ರಭುಗೆ ಕೇಳಿದ್ದೆ. ನಿನ್ನೆ ಮೂವತ್ತು ಜನ ಹೆಗಲು ಕೊಟ್ಟರು. ಅಂಬರೀಶ ಕೂಡ.

15 ಏಪ್ರಿಲ್, ಮಂಗಳವಾರ

ಹನ್ನೊಂದನೇ ದಿನದ ಕಾರ್ಯ ಮುಗಿಯಿತು. ಸುಣ್ಣ ಹೊಡೆಸಿದ್ದೇನೆ. ಪ್ರಭು ಪಾವಗಡಕ್ಕೆ ಹೋದ. ಅಪ್ಪ ಇಲ್ಲೇ. ಅಂದುಕೊಂಡಂತೆ ಸರಿಯಾಗಿ ಹದಿನೈದಕ್ಕೆ.

ಊಟಕ್ಕೆ ಕೂತಾಗ ಕೇಳಿದರು. "ಕೊನೇಗಾದ್ರೂ ನನ್ನ ಕೇಳಿದ್ಲೇನವ್ವಾ?"

ಅವರ ತಟ್ಟೆಗೆ ಸಾರು ಬಡಿಸಿದೆ. "ಇಲ್ಲಪ್ಪ. ಸಂಕಟ ಇರ್ಲಿಲ್ಲ. ನಿದ್ದೇಲೇ ಹೋದ್ಲು."

"ಹೂಂ" ಅಂದರು. ಮಜ್ಜಿಗೆ ಹಾಕಿಸಿಕೊಳ್ಳಲಿಲ್ಲ.

18 ಏಪ್ರಿಲ್, ಶುಕ್ರವಾರ

ಅಪ್ಪನ ಹಾಸಿಗೆ ಕೊಡವುವಾಗ ದಿಂಬಿನಡಿ ಮಾತ್ರೆ. ಒಂಬತ್ತು. ಮೂರು ದಿನದಿಂದ ನುಂಗಿಲ್ಲ. ಬೆರಳಿಗೆ ಮೆಷಿನ್ ಹಾಕಿ ನೋಡಿದೆ, 89.

"ಏನಪ್ಪಾ ಇದು? ನನ್ನ ಸಾಯಿಸ್ಬೇಕು ಅಂತಿದ್ದೀರಾ?"

ಕೊಡವಿದ ಹಾಸಿಗೆ ಮೇಲೆ ಕೂತು ಹೇಳಿದರು. "ಕ್ವಾಪ ಮಾಡ್ಕಂಡು ಹೋದ್ಲು ಲೋಹಿ ಅವ್ಳು. ಹೇಳ್ದಂಗೆ ಹೋದ್ನಲ್ಲ ನಾನು. ಒಂದು ತಿಂಗ್ಳು ನನ್ನ ನೆನೀಲೇ ಇಲ್ಲ ಅಂದ್ರೆ... ಅಷ್ಟು ಕ್ವಾಪ. ಪಾರಿವಾಳ ಸಾಕಾಯ್ತು ಅವ್ಳಿಗೆ. ನನ್ನ ಬ್ಯಾಡ ಅಂದ್ಲು. ಈ ಉಸ್ರು ಇಟ್ಕಂಡು ಯಾರಿಗೆ ತೋರಿಸ್ಲಿ?"

ಒಂದು ಸುಳ್ಳು. ಅವರ ಉಸಿರು ಉಳಿಯಲಿ ಅಂತ ಹೇಳಿದ್ದು. ಈಗ ಅದೇ ಸುಳ್ಳು ಅವರ ಉಸಿರು ತೆಗೆಯುತ್ತಿದೆ. ಹೇಳಬೇಕು. ಹೇಳಿದರೆ ನನ್ನ ಮುಖ ನೋಡುತ್ತಾರಾ? ನೋಡದಿದ್ದರೂ ಸರಿ.

19 ಏಪ್ರಿಲ್, ಶನಿವಾರ. ಸಂಜೆ 4

ಹೇಳಿದೆ. ಎಲ್ಲ ಹೇಳಿದೆ. ಅಮ್ಮ ಹಕ್ಕಿಯನ್ನು ಯಾವತ್ತೂ ಕರೆದಿರಲಿಲ್ಲ ಅಂತ. ರೆಕ್ಕೆ ಸದ್ದಾದಾಗಲೆಲ್ಲ ನೀವು ಬಂದಿರಿ ಅಂತ ಬಾಗಿಲು ನೋಡುತ್ತಿದ್ದಳು ಅಂತ. ನನಗೆ ಗೊತ್ತಿತ್ತು, ಗೊತ್ತಿದ್ದೂ ಇಲ್ಲ ಅಂದೆ ಅಂತ. ಯುಗಾದಿ ದಿನ ಕೂಡ. ಹಿತ್ತಲು ತೊಳೆಯುತ್ತಿದ್ದಾಗ ಕೂಡ.

ಬೈಯಲಿ ಅಂತ ಕಾದೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಅಳಲಿಲ್ಲ. ಮುಖದಲ್ಲಿ ಏನೋ ಬಂತು. ಖುಷಿಯ ಹಾಗೆಯೇ ಇತ್ತು, ನೋಡಲಾಗಲಿಲ್ಲ ನನಗೆ. ಕೈ ಚಾಚಿ ಮಾತ್ರೆ ಕೊಡು ಅಂದರು. ಮೂರನ್ನೂ ಒಟ್ಟಿಗೆ ನುಂಗಿದರು.

ಆಮೇಲೆ ಕೇಳಿದರು.

"ಎಷ್ಟು ಸಲ ಕರೆದ್ಲವ್ವಾ?"

"ಬಹಳ ಸಲ ಅಪ್ಪಾ."

"ಬಹಳ ಅಂದ್ರೆ? ದಿನಾಲೂ ಕರೆದ್ಲಾ? ಬೆಳಗ್ಗೆ ಎಷ್ಟು, ಸಂಜೆ ಎಷ್ಟು? ನೀನು ಪುಸ್ತಕದಲ್ಲಿ ಎಲ್ಲ ಬರೀತೀಯಲ್ಲ. ನೋಡಿ ಹೇಳು."

ನೋಡುತ್ತಿದ್ದೇನೆ. ಪಕ್ಕದಲ್ಲೇ ಕೂತಿದ್ದಾರೆ, ಹಾಳೆ ತಿರುಗಿಸುವುದನ್ನೇ ನೋಡುತ್ತಾ. ಏಳು ಸ್ಪೂನ್ ಬರೆದಿದ್ದೇನೆ. ಹತ್ತು ಸ್ಪೂನ್ ಬರೆದಿದ್ದೇನೆ. ಆಕ್ಸಿಜನ್ ಎಷ್ಟು ಅಂತ ಬರೆದಿದ್ದೇನೆ. ಇದೊಂದು ಬರೆದಿಲ್ಲ. ಮಾರ್ಚ್ ಒಂಬತ್ತರಿಂದ ಏಪ್ರಿಲ್ ನಾಲ್ಕು. ಇಪ್ಪತ್ತೇಳು ದಿನ. ನೆನಪಿನಿಂದಲೇ ಲೆಕ್ಕ ಹಾಕುತ್ತಿದ್ದೇನೆ. ದಿನಕ್ಕೆ…